ಹನ್ನೆರಡು ಕುರ್ಚಿಗಳ ಸಭೆ

ಜೂನ್ ೩, ಸೋಮವಾರ

ನಾನು ಮಾತಾಡಲು ನಿಂತರೆ ಹರಿಯುವ ಹೊಳೆಯೂ ಒಂದು ಗಳಿಗೆ ನಿಂತು ಕೇಳಿಸಿಕೊಂಡು ಹೋಗುತ್ತದೆ. ಸುಳ್ಳೆನ್ನುವವರು ನಮ್ಮೂರಿಗೆ ಹೋಗಿ ನೋಡಲಿ, ನಾನು ನಿಂತ ಜಾಗದಲ್ಲಿ ಹೊಳೆಗೆ ಇಂದಿಗೂ ಸುಳಿ ಇದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ ಎಂದು ಜನ ಆಡಿಕೊಳ್ಳುತ್ತಾರೆ. ಬಿಟ್ಟದ್ದಲ್ಲ. ಇವನಿಗೆ ಕಲಿಸಲು ನಮ್ಮ ಹತ್ತಿರ ಇನ್ನೇನೂ ಉಳಿದಿಲ್ಲ ಎಂದು ಮೇಷ್ಟ್ರೇ ಕೈಮುಗಿದು ಕಳಿಸಿದ್ದು.

ಇದನ್ನೆಲ್ಲ ಯಾಕೆ ಬರೆದೆನೆಂದರೆ, ಇವತ್ತು ಅಕ್ಕನ ಮಗಳು ಸಭೆ ನಡೆಸುವುದು ಹೇಗೆಂದು ಹೇಳಿಕೊಟ್ಟಳು. ನನಗೆ!

ಅವಳು ನಮ್ಮ ಲಾಂಡ್ರಿಯ ಒಡತಿ. ಮೆಟ್ಟಿಲು ಜಾರಿ ಕಾಲು ಮುರಿದುಕೊಂಡು ಮನೆಯಲ್ಲಿದ್ದಾಳೆ, ಮೊಣಕಾಲಿನವರೆಗೂ ಪ್ಲಾಸ್ಟರು. ಈ ತಿಂಗಳು ಲಾಂಡ್ರಿ ನನ್ನ ಕೈಯಲ್ಲಿ. ಇಷ್ಟು ವರ್ಷವೂ ನನ್ನ ಕೈಯಲ್ಲೇ ಇತ್ತು ಅನ್ನಿ, ಕೊಳೆಬಟ್ಟೆ ಎಣಿಸಿ ಒಳಗೆ ಬಿಡುವ ಕೌಂಟರಿನಲ್ಲಿ ಕೂತು ನಡೆಸುತ್ತಿದ್ದೆ. ಈಗ ಸಂಗತಿ ಇಷ್ಟು: ಆಸ್ಪತ್ರೆಯ ಗಂಟಿನಲ್ಲಿ ಹಾಸ್ಟೆಲಿನ ದಿಂಬಿನ ಚೀಲ, ಹಾಸ್ಟೆಲಿನ ಗಂಟಿನಲ್ಲಿ ಆಸ್ಪತ್ರೆಯ ಬೆಡ್‌ಶೀಟು ಹೋಗಿ ರಂಪವಾಗಿದೆ. ತಿಂಗಳ ಕೊನೆಯವರೆಗೆ ನೋಡುತ್ತೇವೆ, ಸರಿಹೋಗದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಆಸ್ಪತ್ರೆಯ ಉಗ್ರಾಣದ ಮೇಡಂ ಹೇಳಿದ್ದಾಳೆ. ಆಸ್ಪತ್ರೆ ಹೋದರೆ ಬಟ್ಟೆ ಮಡಚುವ ಹೆಂಗಸರಲ್ಲಿ ಅರ್ಧ ಜನಕ್ಕೆ ಕೆಲಸವಿಲ್ಲ.

ಅದಕ್ಕೆ ಅಕ್ಕನ ಮಗಳು ಹೇಳಿದ ಮದ್ದು: "ಮಾವ, ದಿನಾ ಬೆಳಗ್ಗೆ ಹತ್ತು ನಿಮಿಷ ಎಲ್ಲರನ್ನೂ ಕರೀರಿ. ನಿಂತ್ಕೊಂಡೇ ಮಾತಾಡಿ. ಏನು ಕೆಟ್ಟಿದೆ, ಯಾರಿಗೆ ಏನು ಬೇಕು, ಅಷ್ಟೇ. ನೀವು ಕೇಳಿ, ಅವರು ಹೇಳ್ಲಿ. ಭಾಷಣ ಬೇಡ."

ಭಾಷಣ ಬೇಡವಂತೆ. ಮೀನಿಗೆ ಈಜು ಬೇಡ ಎಂದ ಹಾಗೆ.

ಜೂನ್ ೪, ಮಂಗಳವಾರ

ಮೊದಲ ಸಭೆ. ನಿಂತುಕೊಂಡು ಮಾತಾಡುವುದು ಬಸ್ಸಿಗೆ ಕಾಯುವವರು ಮಾಡುವ ಕೆಲಸ. ಸಭೆ ಅಂದರೆ ಮೇಜು ಬೇಕು, ಮೇಜಿಗೊಂದು ತಲೆ ಬೇಕು, ಆ ತಲೆಯಲ್ಲಿ ನನ್ನಂಥವನೊಬ್ಬ ಕೂತಿರಬೇಕು. ನಮ್ಮಲ್ಲಿ ಇರುವುದು ಒಂದೇ ಉದ್ದ ಮೇಜು, ಮಡಚುವವರದ್ದು. ಇವರ ಸೋಮಾರಿತನ ನೋಡಿ: ಇಸ್ತ್ರಿಯ ಬಿಸಿ ರೋಲರಿನಿಂದ ಬಂದ ಬೆಡ್‌ಶೀಟುಗಳನ್ನು ಮೇಜಿನ ತುಂಬ ಹರಡಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಹರಟುತ್ತ ನಿಂತಿರುತ್ತಾರೆ. ಗಾಡಿ ಹೊರಡುವ ಹೊತ್ತಾದ ಮೇಲೆ ಚೀಲಕ್ಕೆ ತುಂಬುತ್ತಾರೆ. ಆ ಹರಟೆಯ ಹೊತ್ತನ್ನೇ ಸಭೆಗೆ ತೆಗೆದುಕೊಂಡೆ. ಒಂದು ಕಲ್ಲಿಗೆ ಎರಡು ಹಕ್ಕಿ. ಏಳೂವರೆಗೆ ಮೇಜು ಖಾಲಿಯಾಗಬೇಕು ಎಂದು ಹುಕುಂ ಮಾಡಿದೆ. ಲಗುಬಗೆಯಿಂದ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಖಾಲಿ ಮಾಡಿದರು. ನೋಡಿ, ಮನಸ್ಸು ಮಾಡಿದರೆ ಆಗುತ್ತದೆ.

ಸ್ಟೂಲು, ಬೋರಲು ಹಾಕಿದ ಬಕೆಟ್ಟು, ಸೋಪಿನ ಡಬ್ಬ, ಏನು ಸಿಕ್ಕಿತೋ ಅದರ ಮೇಲೆ ಕೂತರು. ಪಕ್ಕದಲ್ಲೇ ಹಿಂಡುವ ಯಂತ್ರ ಗಡಗಡ ಅನ್ನುತ್ತಿತ್ತು. ಶಿಸ್ತಿನ ಬಗ್ಗೆ ಮಾತಾಡಿದೆ. ಎಲ್ಲರೂ ತಲೆಯಾಡಿಸಿದರು. ಬೆಡ್‌ಶೀಟು ಬೆರಕೆಯಾಗುವುದು ಮನಸ್ಸು ಬೆರಕೆಯಾಗಿರುವುದರಿಂದ ಎಂದೆ. ತಲೆಯಾಡಿಸಿದರು. ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದೆ. ಅದಕ್ಕೂ ತಲೆಯಾಡಿಸಿದರು. ಇಷ್ಟು ಒಮ್ಮತ ನಾನು ಎಲ್ಲೂ ಕಂಡಿಲ್ಲ.

ಜೂನ್ ೬, ಗುರುವಾರ

ಬಕೆಟ್ಟಿನ ಮೇಲೆ ಕೂತವರಿಗೆ ಎಷ್ಟು ಹೇಳಿದರೂ ಬಕೆಟ್ಟಿನ ಬುದ್ಧಿಯೇ. ಮುಚ್ಚಿಹೋದ ಟ್ಯೂಷನ್ ಕ್ಲಾಸಿನವರು ಸಾಮಾನು ಮಾರುತ್ತಿದ್ದರು. ಹನ್ನೆರಡು ಕುರ್ಚಿ ತಂದೆ, ಸ್ಟೀಲಿನ ಕಾಲು, ಬರೆಯಲು ಪಕ್ಕದಲ್ಲಿ ಹಲಗೆ. ಜೊತೆಗೆ ಒಂದು ಕೈಮೈಕು. ಲಾಂಡ್ರಿಯ ದುಡ್ಡು ಮುಟ್ಟಲಿಲ್ಲ, ಸ್ವಂತದ್ದು. ಪುಕ್ಕಟೆ ಎನ್ನುವಷ್ಟು ಅಗ್ಗ.

ಮನೆಗೆ ಬಂದಾಗ ಹೆಂಡತಿ ಕೇಳಿದಳು, ಹಲ್ಲಿನ ಡಾಕ್ಟರ ಹತ್ತಿರ ಯಾವಾಗ ಹೋಗುವುದು ಎಂದು. ಎಡದವಡೆಯಲ್ಲಿ ನನಗೆ ಮೂರು ಹಲ್ಲಿಲ್ಲ. ಕಟ್ಟಿಸಲು ಅಂತಲೇ ಕಪಾಟಿನಲ್ಲಿ ಸ್ವಲ್ಪ ದುಡ್ಡು ಇಟ್ಟಿದ್ದೆವು. ಡಾಕ್ಟರು ಊರಲ್ಲಿಲ್ಲ ಎಂದೆ. ಬಲದವಡೆ ಇನ್ನೂ ಗಟ್ಟಿಯಾಗಿದೆ.

ಜೂನ್ ೭, ಶುಕ್ರವಾರ

ಕುರ್ಚಿ ಹಾಕಿಸಿದೆ. ಮಡಚುವವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಾರೆ. ನನಗಿಂತ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ಕುರ್ಚಿಯನ್ನು ಒಂದು ಸುತ್ತು ಹಾಕಿ ನೋಡಿ, ಮದುವೆಗೆ ಗಂಡು ಯಾರು ಎಂದು ಕೇಳಿದಳು. ಹೆಂಗಸರೆಲ್ಲ ನಕ್ಕರು. ಮೈಕು ಆನ್ ಮಾಡಿದೆ, ಕುಂಯ್ ಎಂದಿತು, ಎಲ್ಲರೂ ಕಿವಿ ಮುಚ್ಚಿಕೊಂಡರು. ಗೌರವ ಬರಲು ಸ್ವಲ್ಪ ದಿನ ಬೇಕು.

ಇವತ್ತಿನ ಸಭೆ ಮುಕ್ಕಾಲು ಗಂಟೆ. ಯಾರಿಗೂ ಎದ್ದು ಹೋಗಲು ಮನಸ್ಸೇ ಬರಲಿಲ್ಲ. ನಾನು ಬಾಗಿಲಿಗೆ ಚಿಲಕ ಹಾಕಿದ್ದೆ ಎನ್ನುವುದು ಬೇರೆ ಮಾತು.

ಜೂನ್ ೧೦, ಸೋಮವಾರ

ಆಸ್ಪತ್ರೆಯಿಂದ ಫೋನು. ಬೆರಕೆಯಲ್ಲ, ಹೊಸ ತಕರಾರು: ಬೆಡ್‌ಶೀಟು ತಣ್ಣಗೆ ಒದ್ದೆ ಒದ್ದೆ ಇದೆಯಂತೆ. ರೋಗಿಗಳನ್ನು ಒದ್ದೆ ಹಾಸಿಗೆಯ ಮೇಲೆ ಮಲಗಿಸಲೇ ಎಂದು ಮೇಡಂ ಕೇಳಿದಳು. ನಮ್ಮ ರೋಲರಿನಿಂದ ಬರುವ ಬಟ್ಟೆ ಮುಟ್ಟಿದರೆ ಬೆರಳು ಸುಡುತ್ತದೆ. ಒದ್ದೆ ಎಲ್ಲಿಂದ ಬಂತು? ಮೇಡಂ ಕೈಯೇ ಒದ್ದೆ ಇರಬೇಕು.

ಆದರೂ ಬಾಯ್ಲರಿನವನನ್ನು ಹಿಡಿದು ಝಾಡಿಸಿದೆ. ಅವನಿಗೆ ಹೊಗೆಯಣ್ಣ ಅಂತ ಹೆಸರು, ವರ್ಷವೆಲ್ಲ ಮಸಿ ಮುಖ. ಸಭೆಯಲ್ಲಿ ಅವನ ಹೆಸರು ಹಿಡಿದೇ ಅರ್ಧ ಗಂಟೆ ಮಾತಾಡಿದೆ. ಅವನೂ ತಲೆಯಾಡಿಸಿದ. ತಪ್ಪು ಒಪ್ಪಿಕೊಂಡ ಹಾಗಾಯಿತು.

ಜೂನ್ ೧೨, ಬುಧವಾರ

ಮತ್ತೆ ಒದ್ದೆ. ಮೊನ್ನೆಯದಕ್ಕಿಂತ ಹೆಚ್ಚು. ಒಂದು ಸಭೆ ಸಾಲದು, ಬೆಳಗ್ಗೆಯ ಗಾಡಿಗೆ ಮುಂಚೆ ಒಂದು, ಸಂಜೆಯ ಗಾಡಿಗೆ ಮುಂಚೆ ಒಂದು ಇಟ್ಟಿದ್ದೇನೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕೋಣವಾದರೂ ಬಾಲ ಆಡಿಸುತ್ತದೆ, ಇವರು ಬರೀ ತಲೆ.

ಅಕ್ಕನ ಮಗಳು ಫೋನಿನಲ್ಲಿ, ಅವರೇನು ಹೇಳ್ತಾರೆ ಮಾವ ಎಂದಳು. ಏನೂ ಹೇಳುವುದಿಲ್ಲ, ಎಲ್ಲ ಒಪ್ಪುತ್ತಾರೆ ಎಂದೆ. ಎಷ್ಟು ಹೊತ್ತು ಸಭೆ ಎಂದಳು. ಹತ್ತು ನಿಮಿಷ ಎಂದೆ. ಕುರ್ಚಿಯ ಸುದ್ದಿ ಅವಳ ಕಿವಿಗೂ ಬಿದ್ದಿದೆ. ಎಷ್ಟಾಯ್ತು ಎಂದಳು. ಏನೋ, ಐನೂರು ಎಂದೆ.

ಜೂನ್ ೧೪, ಶುಕ್ರವಾರ

ಈಗ ಸಂಜೆಯ ಗಾಡಿಯ ಬಟ್ಟೆಯೂ ಒದ್ದೆಯಂತೆ! ಎರಡು ಸಭೆ ಮಾಡಿದ್ದಕ್ಕೆ ಎರಡರಷ್ಟು ಒದ್ದೆ. ಈ ಮನುಷ್ಯರಿಗೆ ಹೇಳಿದ್ದಕ್ಕೆ ಉಲ್ಟಾ ಮಾಡುವ ಹಟ. ಹೊಗೆಯಣ್ಣ ಬರೆಯುವ ಹಲಗೆಯ ಮೇಲೆ ಕೆನ್ನೆಯಿಟ್ಟು ನಿದ್ದೆ ಮಾಡುತ್ತಿದ್ದ, ಅಂಥ ಒಳ್ಳೆಯ ಕುರ್ಚಿಯಲ್ಲಿ. ದೊಡ್ಡಕ್ಕ ಪದೇ ಪದೇ ಗಡಿಯಾರ ನೋಡುತ್ತಾಳೆ. ಒಂದು ಸಲ ಕೈ ಎತ್ತಿದಳು. ಕೊನೆಯಲ್ಲಿ ಕೇಳುತ್ತೇನೆ ಎಂದೆ. ಕೊನೆ ಬಂದಾಗ ಗಾಡಿಯ ಹಾರ್ನು ಕೂಗುತ್ತಿತ್ತು, ಅವಳು ಚೀಲ ಹೊತ್ತು ಓಡಿದಳು.

ಮೇಡಂ ಹೇಳಿದ್ದಾಳೆ: ಈ ತಿಂಗಳ ಕೊನೆಗೆ ತಾನೇ ಬಂದು ನೋಡುತ್ತಾಳಂತೆ. ಆಮೇಲೆ ತೀರ್ಮಾನ.

ಜೂನ್ ೧೫, ಶನಿವಾರ

ಮೈಕು ಸತ್ತಿತು. ಕೂಗಿದೆ.

ಜೂನ್ ೧೭, ಸೋಮವಾರ

ಗಂಟಲು ಸತ್ತಿತು. ಬೆಳಗ್ಗೆ ಎದ್ದು ಇವಳನ್ನು ಕರೆದರೆ ಬಾಗಿಲು ಕಿರ್ ಎಂದ ಹಾಗೆ ಸದ್ದು ಬಂತು. ಇವಳು ತಿರುಗಿ ಬಾಗಿಲು ನೋಡಿದಳು.

ಡಾಕ್ಟರು (ಗಂಟಲಿನವರು, ಹಲ್ಲಿನವರಲ್ಲ) ಒಂದು ವಾರ ಪಿಸುಮಾತೂ ಆಡಕೂಡದು ಎಂದರು. ಪಿಸುಗುಟ್ಟಿದರೆ ಇನ್ನೂ ಹಾಳಂತೆ. ಇವಳು ಅವರನ್ನು, ಒಂದು ವಾರ ಸಾಕಾ ಎಂದು ಎರಡು ಸಲ ಕೇಳಿದಳು.

ಸಭೆ ರದ್ದು ಮಾಡಿದರೆ ಸೋತ ಹಾಗೆ. ಹೋಗಿ ತಲೆಯ ಕುರ್ಚಿಯಲ್ಲಿ ಕೂರುತ್ತೇನೆ. ನನ್ನ ಮುಖ ನೋಡಿದರೇ ಅವರಿಗೆ ಅರ್ಥವಾಗುತ್ತದೆ.

ಜೂನ್ ೧೮, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಬಾಯಿಯಂತೂ ಇಲ್ಲ.

ಎಲ್ಲರೂ ಬಂದು ಕೂತರು. ಗಾಡಿಯವನೂ ಬಂದ. ಅವನು ಸಭೆಗೆ ಬರುವವನಲ್ಲ, ಆ ಹೊತ್ತಿನಲ್ಲಿ ಹೊರಗೆ ಗಾಡಿಯ ಹತ್ತಿರ ಇರುತ್ತಾನೆ. ನಿನ್ನೆ ಸಂಜೆ ಆಸ್ಪತ್ರೆಯವರು ವಾಪಸು ಕೊಟ್ಟ ಒಂದು ಚೀಲವನ್ನು ನನ್ನ ಮುಂದೆ ಮೇಜಿನ ಮೇಲೆ ಇಟ್ಟು ಅಲ್ಲೇ ನಿಂತ. ನಾನು ಗಂಟಲು ತೋರಿಸಿ ಕೈಯಾಡಿಸಿದೆ. ಎಲ್ಲರೂ ಅಭ್ಯಾಸದಂತೆ ತಲೆಯಾಡಿಸಿದರು. ಆಮೇಲೆ ಸುಮ್ಮನಾದರು. ಯಾರೋ ಎದ್ದು ಹಿಂಡುವ ಯಂತ್ರ ನಿಲ್ಲಿಸಿದರು. ಆ ಮೌನ ಇದೆಯಲ್ಲ, ಅದರಂಥ ಹಿಂಸೆ ಇನ್ನೊಂದಿಲ್ಲ. ಮಾತು ನನ್ನ ಹೊಟ್ಟೆಯಿಂದ ಎದ್ದು ಗಂಟಲಿನವರೆಗೆ ಬಂದು ಬಾಗಿಲು ಬಡಿದು ವಾಪಸು ಹೋಗುತ್ತಿತ್ತು.

ಅವರಿಗೂ ತಡೆಯಲಾಗಲಿಲ್ಲ ಅಂತ ಕಾಣುತ್ತದೆ. ಮೊದಲು ಹೊಗೆಯಣ್ಣ ಬಾಯಿಬಿಟ್ಟ. ತನ್ನ ಬಾಯ್ಲರಿನಲ್ಲಿ ಏನೂ ಕೊರತೆಯಿಲ್ಲ, ಬೇಕಾದರೆ ಬಂದು ಒತ್ತಡದ ಮುಳ್ಳು ನೋಡಿ, ಎಂಟು ದಿನದಿಂದ ಸುಮ್ಮನೆ ಬೈಸಿಕೊಳ್ಳುತ್ತಿದ್ದೇನೆ ಎಂದ. ಗಾಡಿಯವನು ಚೀಲ ಬಿಚ್ಚಿ ಒಳಗೆ ಕೈ ಹಾಕಿ ತೋರಿಸಿದ. ಪ್ಲಾಸ್ಟಿಕ್ಕಿನ ಒಳಮೈಗೆ ಹನಿ ಹನಿ ನೀರು. ಬಟ್ಟೆ ಒಣಗಿಲ್ಲ ಅಂತಲ್ಲ, ಒಣಗಿದ ಬಟ್ಟೆಯೇ ಚೀಲದಲ್ಲಿ ಬೆವೆತಿದೆ ಎಂದ.

"ಬಿಸಿಬಿಸಿದು ಕಟ್ಟಿದ್ರೆ ಬೆವರದೆ ಇರತ್ತಾ?" ಎಂದಳು ದೊಡ್ಡಕ್ಕ.

"ಯಾಕಮ್ಮ ಬಿಸಿಬಿಸಿದು ಕಟ್ತೀರ? ಮುಂಚೆ ಹರಡಿ ಆರಿಸ್ತಿದ್ರಲ್ಲ?" ಎಂದ ಗಾಡಿಯವನು.

"ಎಲ್ಲಿ ಹರಡ್ಲಿ, ನಿನ್ ಬೆನ್ನ ಮೇಲಾ? ಏಳೂವರೆಗೆ ಮೇಜು ಖಾಲಿಯಾಗ್ಬೇಕು ಅಂತ ಹುಕುಂ ಆಗಿದೆ."

"ಏಳೂವರೆಗೆ ಏನಿದೆ ಮೇಜಿನ ಮೇಲೆ?"

ಎಲ್ಲರ ಕಣ್ಣೂ ಮೇಜಿನ ಮೇಲೆ ಹರಿದು ಬಂದು ಒಂದು ಕಡೆ ನಿಂತವು. ಅಲ್ಲಿ ನನ್ನ ಮೊಣಕೈ ಇತ್ತು.

ನಾನು ಮೊಣಕೈ ಎತ್ತಿದೆ.

ಬಾಯಿ ಇದ್ದಿದ್ದರೆ ಹತ್ತು ಕಾರಣ ಹೇಳುತ್ತಿದ್ದೆ. ಕಾರಣಗಳು ಸಾಲಾಗಿ ನಿಂತೂ ಇದ್ದವು: ಹವಾಮಾನ, ಅಗ್ಗದ ಪ್ಲಾಸ್ಟಿಕ್ಕು, ಮೇಡಂ ಕೈ. ಒಂದೂ ಹೊರಗೆ ಬರಲಿಲ್ಲ. ಹಲಗೆಯ ಮೇಲೆ ಚೀಟಿಯಿಟ್ಟು ಬರೆದು ತೋರಿಸಿದೆ: "ಮೊದಲೇ ಯಾಕೆ ಹೇಳಲಿಲ್ಲ? ತಲೆ ಆಡಿಸಿದ್ದೇಕೆ?"

ದೊಡ್ಡಕ್ಕ ಗಟ್ಟಿಯಾಗಿ ಓದಿ ನಕ್ಕಳು. "ಅಯ್ಯೋ ಮಾವ, ಈ ಯಂತ್ರಗಳ ಮಧ್ಯೆ ಯಾರ ಮಾತು ಯಾರಿಗೆ ಕೇಳತ್ತೆ? ಇಲ್ಲಿ ತಲೆ ಆಡ್ಸಿದ್ರೆ ಹೂಂ ಅಂತಲ್ಲ. ನಿಮ್ಮ ಬಾಯಿ ಅಲ್ಲಾಡೋದು ಕಾಣ್ತಿದೆ ಅಂತ ಅಷ್ಟೇ."

ಅವಳು ನನ್ನನ್ನು ಮಾವ ಅಂದದ್ದು ಇದೇ ಮೊದಲು. ಇಷ್ಟು ದಿನ ಸಾರ್ ಅನ್ನುತ್ತಿದ್ದಳು. ಯಾವುದು ಹೆಚ್ಚಿನ ಮರ್ಯಾದೆ ಎಂದು ಯೋಚಿಸುತ್ತಿದ್ದೇನೆ.

ಜೂನ್ ೧೯, ಬುಧವಾರ

ಮೇಜು ಬಟ್ಟೆಗೆ ಬಿಟ್ಟುಕೊಟ್ಟೆ. ಕುರ್ಚಿಗಳನ್ನು ಒಂದರ ಮೇಲೊಂದು ಏರಿಸಿ ಶೌಚಾಲಯದ ದಾರಿಯಲ್ಲಿ ಇಟ್ಟಿದ್ದೇವೆ, ಹೋಗುವವರೆಲ್ಲ ಮೊಣಕಾಲು ತಾಗಿಸಿಕೊಂಡು ನನ್ನ ಕಡೆ ನೋಡುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂದರಂತೆ, ಹಾಗೆ ಯಾರೂ ಅನ್ನಲಿಲ್ಲ. ನನಗೇ ನೆನಪಾಯಿತು.

ಸಂಜೆಯ ಸಭೆ ತೆಗೆದುಹಾಕಿದೆ. ಬೆಳಗ್ಗೆ ಮಾತ್ರ, ಮೇಜಿನ ಸುತ್ತ ನಿಂತುಕೊಂಡು, ಬಟ್ಟೆ ಆರುವಷ್ಟು ಹೊತ್ತು. ಯಂತ್ರ ನಿಲ್ಲಿಸಬೇಕು. ಗಾಡಿಯವನೂ ಬರಬೇಕು. ಇದೆಲ್ಲ ನನ್ನದೇ ಯೋಜನೆ.

ಜೂನ್ ೨೧, ಶುಕ್ರವಾರ

ಇನ್ನೂ ಗಂಟಲಿಲ್ಲ. ನಿಂತು ಮಾತಾಡಿದರೆ ಜನ ಬೇಗ ವಿಷಯಕ್ಕೆ ಬರುತ್ತಾರೆ, ಕಾಲು ನೋಯುತ್ತದಲ್ಲ. ಕೂತವನ ಮಾತಿಗೆ ಕೊನೆಯಿಲ್ಲ.

ಒಬ್ಬೊಬ್ಬರಾಗಿ, ನಿನ್ನೆಯಿಂದ ಏನು ಕೆಟ್ಟಿದೆ ಎಂದು ಹೇಳಿದರು. ರೋಲರಿನ ಒಂದು ಪಟ್ಟಿ ಸಡಿಲ. ಸೋಪು ನಾಳೆಗೆ ಸಾಲದು. ಬೆರಕೆಯ ಗುಟ್ಟೂ ಹೊರಬಿತ್ತು: ಆಸ್ಪತ್ರೆ, ಹಾಸ್ಟೆಲು ಎರಡರ ಬಟ್ಟೆಯೂ ನನ್ನ ಕೌಂಟರಿನಿಂದ ಒಂದೇ ಥರದ ಬಿಳಿ ಚೀಲದಲ್ಲಿ ಹೋಗುತ್ತದೆ, ನಾನು ಸಿಕ್ಕಿಸಿದ ಚೀಟಿ ದಾರಿಯಲ್ಲೇ ಎಲ್ಲೋ ಉದುರುತ್ತದೆ. ಚೀಲದ ಬಾಯಿಗೆ ಬಣ್ಣದ ಬಟ್ಟೆ ಹೊಲಿಯೋಣವೇ ಎಂದು ಒಬ್ಬಳು ಕೇಳಿದಳು, ಹೊಗೆಯಣ್ಣ ಮನೆಯಲ್ಲಿ ಹಳೆಯ ಕೆಂಪು ಪರದೆ ಇದೆ ಎಂದ. ಮಾತು ಮುಗಿಯಿತು. ನಾನು ಈ ವಿಷಯಕ್ಕೆ ನಾಲ್ಕು ದಿನ ಮಾತಾಡಿದ್ದೆ, ಮನಸ್ಸು ಬೆರಕೆ ಅಂತ.

ಕೊನೆಗೆ ಎಲ್ಲರೂ ನನ್ನತ್ತ ನೋಡಿದರು, ನನ್ನ ಕಡೆ ಏನು ಕೆಟ್ಟಿದೆ ಎಂದು. ಏನೂ ಇಲ್ಲ ಎಂದು ಕೈಯಾಡಿಸಿದೆ. ಅವರು ತಲೆಯಾಡಿಸಿದರು. ಯಂತ್ರ ನಿಂತಿತ್ತು.

ಜೂನ್ ೨೫, ಮಂಗಳವಾರ

ದನಿ ಬಂತು. ಸ್ವಲ್ಪ ಗೊಗ್ಗರು, ಆದರೂ ನನ್ನದೇ. ಮೊದಲ ಮಾತು ಏನು ಹೇಳಬೇಕೆಂದು ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡು ಹೋಗಿದ್ದೆ. ಅಷ್ಟರಲ್ಲಿ ಸಭೆ ಶುರುವಾಗಿತ್ತು. ದೊಡ್ಡಕ್ಕ ರೋಲರಿನ ಪಟ್ಟಿಯ ವಿಷಯ ಹೇಳುತ್ತಿದ್ದಳು, ಮಧ್ಯೆ ಬಾಯಿ ಹಾಕಿದರೆ ಕೊಂಡಿ ತಪ್ಪುತ್ತದೆ. ಕೇಳಿದೆ. ಆಮೇಲೆ ಹಾರ್ನು ಆಯಿತು. ನಾಳೆ ಹೇಳಿದರಾಯಿತು.

ಒದ್ದೆಯ ಫೋನು ಬಂದಿಲ್ಲ.

ಜೂನ್ ೨೬, ಬುಧವಾರ

ನಾಳೆ ಹೇಳಿದರಾಯಿತು.

ಜೂನ್ ೨೮, ಶುಕ್ರವಾರ

ಮೇಡಂ ಬಂದಳು, ಹೇಳದೆ ಕೇಳದೆ, ಸರಿಯಾಗಿ ಸಭೆಯ ಹೊತ್ತಿಗೆ. ಎಲ್ಲರೂ ಕೈಕಟ್ಟಿ ನಿಂತಿರುವುದನ್ನು ಕಂಡು ಹುಬ್ಬು ಗಂಟಿಕ್ಕಿ, ಇದೇನು ಮುಷ್ಕರವಾ ಎಂದಳು. ಬೆಡ್‌ಶೀಟು ಒದ್ದೆಯಾದದ್ದು ಯಾಕೆ, ಅದನ್ನು ಮೊದಲು ಹೇಳಿ ಎಂದಳು.

ಇಂಥ ಅವಕಾಶಕ್ಕೇ ಅಲ್ಲವೇ ನಾನು ಹುಟ್ಟಿದ್ದು? ಬಾಯಿ ತೆರೆದೆ. ಹೊಳೆ, ಸುಳಿ, ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಮೇಜಿನ ಮೇಲೆ ಬೆಡ್‌ಶೀಟುಗಳು ಹರಡಿದ್ದವು, ಹೆಂಗಸರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆಸ್ಪತ್ರೆ ಹೋದರೆ ಅವರಲ್ಲಿ ಅರ್ಧ ಜನ ಮನೆಗೆ.

"ನಾನು ಈ ಮೇಜು ಕಿತ್ಕೊಂಡಿದ್ದೆ ಮೇಡಂ, ಅದಕ್ಕೆ ಬಿಸಿಬಿಸಿದೇ ಕಟ್ಟಿದ್ರು," ಎಂದೆ. "ಮಿಕ್ಕಿದ್ದು ಇವರು ಹೇಳ್ತಾರೆ."

ಗಂಟಲು ಇನ್ನೂ ಪೂರ್ತಿ ಸರಿಯಾಗಿಲ್ಲ, ಅದಕ್ಕೇ ಚುಟುಕಾಗಿ ಮುಗಿಸಿದೆ. ದೊಡ್ಡಕ್ಕ ಹೇಳಿದಳು, ಗಾಡಿಯವನು ಹೇಳಿದ, ಹೊಗೆಯಣ್ಣ ತನ್ನ ಮನೆಯ ಪರದೆ ಚೀಲದ ಬಾಯಲ್ಲಿರುವುದನ್ನು ಎತ್ತಿ ತೋರಿಸಿದ. ಮೇಡಂ ಕಟ್ಟಿಟ್ಟಿದ್ದ ಒಂದು ಚೀಲ ಬಿಚ್ಚಿಸಿ, ಮೊಣಕೈಯವರೆಗೆ ತೋಳು ಇಳಿಸಿ ತಡಕಾಡಿದಳು. ಕೈ ತೆಗೆದು ಬೆರಳು ಉಜ್ಜಿ ನೋಡಿಕೊಂಡಳು. ಹೋಗುವಾಗ ಗಾಡಿಯವನಿಗೆ ಹೇಳಿದಳು, ಬರುವ ತಿಂಗಳು ಆಪರೇಷನ್ ಥಿಯೇಟರಿನ ಹಸಿರು ಬಟ್ಟೆಯೂ ಇರುತ್ತದೆ, ದೊಡ್ಡ ಗಾಡಿ ತಾ ಎಂದು.

ದೊಡ್ಡಕ್ಕ ಗೋಡೆಗೆ ಒರಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ರೋಲರಿನ ಸೆಕೆ.

ಅಕ್ಕನ ಮಗಳಿಗೆ ಫೋನು ಮಾಡಿದೆ. ಹೇಗೆ ಮಾಡಿದ್ರಿ ಮಾವ ಎಂದಳು. ಗಂಟಲು ಕೆಟ್ಟಿತ್ತು ಎಂದೆ. ಅವಳು ಬಹಳ ಹೊತ್ತು ನಕ್ಕಳು. ಅದರಲ್ಲಿ ನಗುವಂಥದ್ದು ಏನಿತ್ತೋ.

ಜೂನ್ ೩೦, ಭಾನುವಾರ

ಕುರ್ಚಿಗಳನ್ನು ಗುಜರಿಯವನಿಗೆ ಹಾಕಿದೆ. ಸ್ಟೀಲಿನ ಕಾಲು ಅಂದುಕೊಂಡದ್ದು ಬಣ್ಣ ಬಳಿದ ತಗಡಂತೆ. ಅವನು ಕೊಟ್ಟದ್ದು ಆಟೋ ಬಾಡಿಗೆಗೆ ಸರಿಹೋಯಿತು. ಮೈಕನ್ನು ಪುಕ್ಕಟೆ ಕೊಟ್ಟರೂ ಬೇಡ ಎಂದ.

ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಬಲಗಡೆಯಿಂದಲೇ ಅಗಿಯುವುದನ್ನು ಇವಳು ನೋಡುತ್ತಿದ್ದಳು. ಹಲ್ಲಿನ ಡಾಕ್ಟರು ಊರಲ್ಲೇ ಇದ್ದಾರೆ, ಎಲ್ಲೂ ಹೋಗಿಯೇ ಇರಲಿಲ್ಲವಂತೆ, ಪಕ್ಕದ ಮನೆಯವರು ಹೇಳಿದರು ಎಂದಳು. ಆಮೇಲೆ ಕುರ್ಚಿಗೆ ಎಷ್ಟಾಯಿತು ಎಂದಳು. ಅಕ್ಕನ ಮಗಳಿಗೆ ಐನೂರು ಎಂದಿದ್ದೆ, ಗಾಡಿಯವನಿಗೆ ಸಾವಿರ, ದೊಡ್ಡಕ್ಕನಿಗೆ ಯಾರೋ ದಾನ ಕೊಟ್ಟದ್ದು ಅಂತ. ಇವಳಿಗೆ ಯಾವುದು ಹೇಳುವುದೆಂದು ಯೋಚಿಸುತ್ತಿದ್ದೆ. ಇವಳು ಮತ್ತೆ ಕೇಳಲಿಲ್ಲ. ತಟ್ಟೆಯಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ಕೂತಳು. ಮೌನ ಎಷ್ಟು ಹೊತ್ತು ತಡೆಯುತ್ತದೆ, ಯಾರು ಮೊದಲು ಬಾಯಿಬಿಡುತ್ತಾರೆ ಎನ್ನುವುದು ಈಗ ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದರೂ ತಡೆಯಲಾಗಲಿಲ್ಲ. ಈ ವಿದ್ಯೆಯಲ್ಲಿ ಇವಳು ನನಗಿಂತ ಮೂವತ್ತು ವರ್ಷ ಹಿರಿಯಳು.

ಒಂಬತ್ತು ಸಾವಿರ ಎಂದೆ.

ಇವಳು ಇನ್ನೂ ಸುಮ್ಮನೇ ಇದ್ದಳು.

ಮೈಕು ಸೇರಿದರೆ ಹನ್ನೊಂದು ಸಾವಿರದ ನಾನೂರು.